ಬಂಗಾರದ ಹೆಲ್ಮೆಟ್ಟು

ಈಸಾಲ್ಮಿ
ಮೇ 3, ಶನಿವಾರ

ರಾಸ್ಮುಸ್‌ಗೆ,

ಪ್ರೀತಿಯ ಎಂದು ಬರೆಯಲು ಕೈ ಏಳಲಿಲ್ಲ, ಇಷ್ಟಕ್ಕೇ ತೃಪ್ತಿಪಡು. ಹೇಗಿದ್ದೀಯ ಎಂದು ಕೇಳುವುದೂ ದಂಡ. ಊರಿನ ಪ್ರತಿ ಅಂಗಡಿಯ ಟಿವಿಯಲ್ಲೂ ನೀನು ಬೆಳ್ಳಿ ಬಟ್ಟಲು ಎತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದೀಯ. ಮುಂದಿನ ಹಲ್ಲೊಂದು ಹೋದಂತಿದೆ. ಡಾಕ್ಟರಿಗೆ ತೋರಿಸು, ಒಸಡು ಕೀವುಗಟ್ಟಿದ ಮೇಲೆ ನನ್ನ ಹತ್ತಿರ ಅಳಬೇಡ.

ನಿನ್ನೆ ಫೋನ್ ಮಾಡಿ, ಮುಂದಿನ ಭಾನುವಾರ ಅಮ್ಮಂದಿರ ದಿನಕ್ಕೆ ಆ ಬಟ್ಟಲು ತಂದು ನನ್ನ ಮಡಿಲಲ್ಲಿಡುತ್ತೇನೆ ಎಂದೆ. ಇನ್ನು ಮೇಲೆ ನಾನು ಐಸ್ ಹಾಕಿ ಲೀಗಿನ ಅತ್ಯಮೂಲ್ಯ ಆಟಗಾರನ ಅಮ್ಮನಂತೆ. ಉತ್ತರ ಕೊಡದೆ ಫೋನಿಟ್ಟೆನಲ್ಲ, ಒಲೆಯ ಮೇಲೆ ಕಾಫಿ ಉಕ್ಕುತ್ತಿತ್ತು ಎಂದೇನೂ ಅಲ್ಲ. ಬಾಯಿ ತೆರೆದಿದ್ದರೆ ನಿನ್ನ ತಮ್ಮನಿಗೆ ಕೇಳಿಸುತ್ತಿತ್ತು. ಅದಕ್ಕೇ ಈ ಕಾಗದ.

ಓಟ್ಸೊ ಹೇಗಿದ್ದಾನೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಿಂದಿನ ಕೋಣೆಯಲ್ಲಿ ಮಲಗಿಯೇ ಇರುತ್ತಾನೆ. ಈಗ ಇಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ಅದು ಅವನ ಕಣ್ಣಿಗೆ ಆಗುವುದಿಲ್ಲ, ಪರದೆ ಸಾಲದೆ ಕಿಟಕಿಗೆ ನಿನ್ನ ಹಳೇ ಕಂಬಳಿಯನ್ನೇ ಮೊಳೆ ಹೊಡೆದು ತೂಗುಬಿಟ್ಟಿದ್ದೇನೆ. ತಲೆ ಎತ್ತಿದರೆ ವಾಂತಿ. ಟಿವಿ, ಫೋನು ಯಾವುದೂ ಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ಮೊನ್ನೆ ಮೇ ಒಂದರ ಹಬ್ಬಕ್ಕೆ ಡೋನಟ್ ಕರಿದರೆ ವಾಸನೆಗೇ ಮುಖ ತಿರುಗಿಸಿದ. ಚಿಕ್ಕಂದಿನಲ್ಲಿ ನಿನ್ನ ಪಾಲನ್ನೂ ಕದ್ದು ತಿನ್ನುತ್ತಿದ್ದ ಪೋರ ಕಣೋ ಅವನು.

ಸೆಮಿಫೈನಲ್ಲಿಗೆ ನಾನೂ ಬಂದಿದ್ದೆ. ನೀವಿಬ್ಬರೂ ಎದುರುಬದುರಾದ ದಿನ ನಾನು ಯಾವ ತಂಡದ ಶಾಲನ್ನೂ ಹೊದೆಯುವುದಿಲ್ಲ, ಬಾಯಿ ಮುಚ್ಚಿಕೊಂಡು ಮೇಲಿನ ಸಾಲಿನಲ್ಲಿ ಕೂರುತ್ತೇನೆ. ಓಟ್ಸೊ ಗೋಡೆಯ ಪಕ್ಕ ಪಕ್ ಬಿಲ್ಲೆಗಾಗಿ ಬಗ್ಗಿದ್ದ, ಬೆನ್ನು ನಿನ್ನ ಕಡೆಗಿತ್ತು. ನೀನು ಮಂಜಿನ ಅಂಗಳದ ಆ ತುದಿಯಿಂದ ಬಂದು ಹಿಂದಿನಿಂದ ಗುದ್ದಿದೆ. ಅವನ ತಲೆ ಗೋಡೆಗೆ ಬಡಿದ ಸದ್ದು ನನ್ನವರೆಗೂ ಬಂತು. ಶಿಕ್ಷೆಯೆಂದು ಎರಡು ನಿಮಿಷ ಹೊರಗೆ ಕೂತೆ, ಎದ್ದು ಬಂದು ಗೋಲು ಹೊಡೆದೆ. ಆ ಗೋಲಿನಿಂದಲೇ ನಿಮ್ಮ ತಂಡ ಫೈನಲ್ಲಿಗೆ ಹೋಯಿತು, ಅದರಿಂದಲೇ ನಿನಗೆ ಬಟ್ಟಲೂ ಬಂತು.

ಆಟದಲ್ಲಿ ಏಟು ಬೀಳುತ್ತದೆ. ನಿಮ್ಮಿಬ್ಬರ ಗಲ್ಲ, ಹುಬ್ಬುಗಳಿಗೆ ಹೊಲಿಗೆ ಹಾಕಿಸಿ ತಂದವಳು ನಾನು, ನನಗೆ ಆಟ ಹೇಳಿಕೊಡಬೇಡ. ಆದರೆ ಆಮೇಲೆ ಮೈಕಿನ ಮುಂದೆ ಏನೆಂದೆ? "ಯಾರು ಅಂತ ನೋಡ್ಲಿಲ್ಲ, ಬರೀ ಎದುರು ತಂಡದ ಶರ್ಟು ಕಾಣ್ತು." ಯಾರ ಕಿವಿಗೆ ಹೂವಿಡುತ್ತೀಯ ಮಹರಾಯ? ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದ ಒಬ್ಬನಿಗೆ ಮಾತ್ರ ಬಂಗಾರದ ಹೆಲ್ಮೆಟ್ಟು, ಉಳಿದವರದೆಲ್ಲ ಬಿಳಿ. ಕನ್ನಡಕ ಮರೆತು ಹೋಗಿದ್ದ ನನಗೇ ಅಷ್ಟು ಮೇಲಿಂದ ಓಟ್ಸೊನ ತಲೆ ಹೊಳೆಯುತ್ತಿದ್ದುದು ಕಂಡಿತು, ನಿನಗೆ ಕಾಣಲಿಲ್ಲವಂತೆ. ಚಳಿಗಾಲದಲ್ಲಿ ಅದು ಅವನ ತಲೆಗೇರಿದ ದಿನ ನೀನೇ ಫೋನ್ ಮಾಡಿ ಕೆಣಕಿರಲಿಲ್ಲವೇ? "ಹುಷಾರು ಕಣೋ, ಇನ್ಮೇಲೆ ಎಲ್ರೂ ನಿನ್ ತಲೇನೇ ಹುಡ್ಕೊಂಡು ಬರ್ತಾರೆ" ಅಂದಿದ್ದೆ. ಮೂವರೂ ನಕ್ಕಿದ್ದೆವು.

ನನಗೆ ನಿನ್ನ ಮೇಲೆ ಕೆಂಡದಂಥ ಸಿಟ್ಟಿದೆ. ಗುದ್ದಿದ್ದಕ್ಕಿಂತ ಆ ಸುಳ್ಳಿಗೆ ಹೆಚ್ಚು. ಆ ಬಟ್ಟಲು ನನ್ನ ಹೊಸ್ತಿಲು ದಾಟಕೂಡದು. ಸೌನಾದ ಹಬೆಕೋಣೆಯಲ್ಲಿ ಕಾದ ಕಲ್ಲಿಗೆ ನೀರು ಹೊಯ್ಯಲೂ ನನಗದು ಬೇಡ.

ದೇವರು ನಿನ್ನನ್ನು ಕಾಯಲಿ, ಸದ್ಯಕ್ಕೆ ನನ್ನ ಕೈಲಾಗದು. ಹಲ್ಲು ತೋರಿಸಲು ಮರೆಯಬೇಡ.

ನಿನ್ನನ್ನು ಹೆತ್ತವಳು,
ಅಮ್ಮ

ವಿ.ಸೂ.: ಓಟ್ಸೊಗೆ ಆ ಗಳಿಗೆಯ ನೆನಪೇ ಇಲ್ಲ. ತಾನೇ ಜಾರಿಬಿದ್ದೆ ಎಂದುಕೊಂಡಿದ್ದಾನೆ. ನಾನೂ ಹೌದೆಂದಿಲ್ಲ, ಅಲ್ಲವೆಂದಿಲ್ಲ. ನಿನಗೆ ಬಟ್ಟಲು ಬಂತು ಎಂದಾಗ ಖುಷಿಗೆ ಅತ್ತುಬಿಟ್ಟ. ದಿನಾ ಒಂದೇ ಮಾತು: "ಅಣ್ಣ ಯಾವಾಗ ಬರ್ತಾನಮ್ಮಾ? ಅದ್ರಲ್ಲೇ ಇಬ್ರೂ ಕುಡೀಬೇಕು." ಮುಂದಿನ ಭಾನುವಾರದಿಂದ ಫೋನು ನೋಡಬಹುದು ಎಂದಿದ್ದಾರೆ ಡಾಕ್ಟರು. ಅವನು ಮೊದಲು ನೋಡುವುದೇ ಆ ಸೆಮಿಫೈನಲ್ ಆಟವನ್ನು. ಹಾಗಾಗಿ ಅದರ ಹಿಂದಿನ ದಿನ, ಶನಿವಾರವೇ ಬಾ, ಬರಿಗೈಯಲ್ಲಿ ಬಾ. ಕಂಬಳಿಯ ಕತ್ತಲಲ್ಲಿ ಅವನ ಪಕ್ಕ ಕೂತು, ನೋಡಿಯೇ ಗುದ್ದಿದೆ ಎಂದು ನಿನ್ನ ಬಾಯಿಂದಲೇ ಹೇಳು. ನೀನು ಬರದಿದ್ದರೆ ಭಾನುವಾರ ಬೆಳಿಗ್ಗೆ ಫೋನನ್ನು ಅವನ ಕೈಗೆ ಕೊಡುವವಳು ನಾನೇ.