ಉಪ್ಪಿಲ್ಲದ ಎಡೆ

ಪಾಚುಕಾ
ನವೆಂಬರ್ ೯, ಶನಿವಾರ

ಅವ್ವಾ, ನಿನ್ನ ಎರಡೂ ಕೈಗಳಿಗೆ ಮುತ್ತು.

ಈ ಕಾಗದವನ್ನು ನೀನೇ ಓದು. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದರೂ ಪರವಾಗಿಲ್ಲ, ಪಕ್ಕದ ಮನೆಯ ಎಡುವಿಗೆಸ್ ಕೈಗೆ ಮಾತ್ರ ಕೊಡಬೇಡ. ಅವಳ ಕಿವಿಗೆ ಬಿದ್ದದ್ದು ಹೊತ್ತು ಮುಳುಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಅಳುತ್ತೀಯ, ನಾನು ಅರ್ಧಕ್ಕೇ ಮಾತು ನುಂಗುತ್ತೇನೆ.

ಹೋದ ಶನಿವಾರ ಸತ್ತವರ ಹಬ್ಬಕ್ಕೆ ಬಂದಾಗ ಅಪ್ಪನ ಪಟದ ಮುಂದೆ ನೀನಿಟ್ಟ ಎಡೆಯನ್ನು ಎರಡೆರಡು ಸಲ ನೋಡಿದೆ. ಹೋದವರು ವರ್ಷಕ್ಕೊಮ್ಮೆ ಮನೆಗೆ ಬಂದು ತಮಗೆ ಇಷ್ಟವಾದದ್ದನ್ನು ಉಣ್ಣುವ ದಿನ. ಊರವರೆಲ್ಲ ಮೋಲೆ ಗೊಜ್ಜು, ತಮಾಲೆ ಕಡುಬು, ಕತ್ತಾಳೆಯ ಹೆಂಡ ಪುಲ್ಕೆ ತುಂಬಿದ ಮಡಕೆ ಇಟ್ಟಿದ್ದರು. ನೀನು ಸೀಮೆಬದನೆಯ ಸಪ್ಪೆ ಸಾರು ಇಟ್ಟಿದ್ದೆ. ಎಡೆಯಲ್ಲಿ ಇರಲೇಬೇಕಾದ ಉಪ್ಪಿನ ಬಟ್ಟಲು ಕೂಡ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ನೀನು ಮೆಲ್ಲಗೆ ಅಂದೆ: "ಆಸ್ಪತ್ರೆ ಹುಡುಗಿ ಬೇಡ ಅಂದಿದ್ಲಲ್ಲ. ಬದುಕಿದ್ದಾಗ ಅವಳ ಮಾತು ಮೀರಿ ಮೊಟ್ಟೆ ತಿನ್ನಿಸಿ ಕೊಂದೆ. ಈಗ್ಲಾದ್ರೂ ಸರಿಯಾಗಿ ಪಥ್ಯ ಮಾಡಿಸ್ತೀನಿ."

ಆಗ ನಿನ್ನ ತೋಳು ಹಿಡಿದೆ. ನನ್ನ ಹೆಬ್ಬೆರಳೂ ನಡುಬೆರಳೂ ಒಂದಕ್ಕೊಂದು ತಾಗಿದವು. ಮೊಟ್ಟೆ, ಮಾಂಸ, ಕಾಳು ಯಾವುದನ್ನೂ ಸಾಯುವತನಕ ಮುಟ್ಟುವುದಿಲ್ಲವೆಂದು ದೇವಮಾತೆಯ ಮುಂದೆ ಆಣೆ ಮಾಡಿದ್ದೀಯಂತೆ. ಪಾದ್ರಿ ಬರೆದುಕೊಟ್ಟ ಚೀಟಿ ತೋರಿಸಿದೆ. ಅಪ್ಪ ಕುಡಿತ ಬಿಡುವಾಗ ಮಾಡಿದ್ದೂ ಅಂಥದೇ ಆಣೆ, ಅವನು ಅದನ್ನು ಮುರಿಯಲಿಲ್ಲ. ನೀನೂ ಮುರಿಯುವವಳಲ್ಲ. ಅದಕ್ಕೇ ನನಗೆ ಹೆದರಿಕೆ.

ಅವ್ವ, ಅಪ್ಪನನ್ನು ಕೊಂದದ್ದು ನಿನ್ನ ಮೊಟ್ಟೆಯಲ್ಲ. ಅನ್ನನಾಳದಲ್ಲಿ ಉಬ್ಬಿದ್ದ ನರ ಒಡೆದು ರಕ್ತ ಕಾರಿಕೊಂಡ. ಲಿವರ್ ಅಷ್ಟು ಕೆಟ್ಟವರಿಗೆ ಹಾಗಾಗುವುದುಂಟು.

ತಪ್ಪಾದದ್ದು ಬೇರೆ ಕಡೆ. ನಮ್ಮ ಆಸ್ಪತ್ರೆಯಲ್ಲಿ ಲಿವರ್ ಕೆಟ್ಟವರು ಬಂದರೆ, ಮೈಯಲ್ಲಿ ಸತ್ವ ಇಳಿದಿದೆಯೋ ಎಂದು ನೋಡಲು ಒಂದು ಫಾರಂ ತುಂಬುತ್ತಾರೆ. ತೂಕ ಇಳಿದಿದೆಯೇ ಎನ್ನುವುದು ಮೊದಲ ಪ್ರಶ್ನೆ. ಅಪ್ಪನದು ಇಳಿದಿರಲಿಲ್ಲ, ಎರಡು ತಿಂಗಳಲ್ಲಿ ನಾಲ್ಕು ಕಿಲೋ ಏರಿತ್ತು. ಆ ಹುಡುಗಿ ಖುಷಿಯಿಂದ 'ಇಲ್ಲ' ಎಂದು ಗುರುತು ಹಾಕಿ, ಅಪಾಯವಿಲ್ಲ ಎಂದು ಬರೆದಳು. ಏರಿದ್ದು ಹೊಟ್ಟೆಯಲ್ಲಿ ತುಂಬಿದ ನೀರು. ತೂಕದ ಯಂತ್ರಕ್ಕೆ ನೀರೂ ಒಂದೇ, ಮಾಂಸವೂ ಒಂದೇ. ತೋಳಿಗೆ ಟೇಪು ಸುತ್ತಿ ಅಳೆದಿದ್ದರೆ, 'ನನ್ನ ಕೈ ಗಟ್ಟಿಯಾಗಿ ಹಿಸುಕಿ' ಎಂದಿದ್ದರೆ ಗೊತ್ತಾಗುತ್ತಿತ್ತು. ಅಪ್ಪ ಸ್ವೆಟರ್ ಹಾಕಿಕೊಂಡಿದ್ದ. ತೆಗೆಯಿರಿ ಎಂದು ಅವಳು ಹೇಳಲಿಲ್ಲ.

ಸಾಲದ್ದಕ್ಕೆ ಒಂದು ಹಾಳೆ ಟೈಪು ಮಾಡಿ ಕೊಟ್ಟಳು. ಲಿವರ್‌ಗೆ ಭಾರವಾಗುತ್ತದೆ, ಮೊಟ್ಟೆ ಮಾಂಸ ಕಾಳು ಬೇಡ, ಸಂಜೆ ಆರರ ಮೇಲೆ ಏನೂ ಬೇಡ. ಅವಳು ಕಲಿತದ್ದು ಹಳೆಯ ಪಾಠ. ಉಪ್ಪು ಕಡಿಮೆ ಮಾಡಿ ಎಂದದ್ದೊಂದೇ ಸರಿಯಿತ್ತು. ಈ ಆಗಸ್ಟಿನಲ್ಲಿ ರಾಜಧಾನಿಯಿಂದ ಬಂದ ಡಾಕ್ಟರಮ್ಮ ಪಥ್ಯ ಹೇಳುವ ನಮ್ಮನ್ನೆಲ್ಲ ಕೂರಿಸಿ ತಿಳಿಹೇಳಿದರು. ಇಂಥವರು ಮೊಟ್ಟೆ ತಿನ್ನಬೇಕು, ಕಾಳು ತಿನ್ನಬೇಕು, ಮಲಗುವ ಮುಂಚೆಯೂ ಏನಾದರೂ ಹೊಟ್ಟೆಗೆ ಬೀಳಬೇಕು, ಇಲ್ಲದಿದ್ದರೆ ಮೈ ತನ್ನನ್ನೇ ತಿನ್ನುತ್ತದೆ ಎಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಪುಲ್ಕೆ ಇನ್ನೊಂದು ಮೆಟ್ಟಿಲು ಹತ್ತಿದರೆ ಮಾಂಸವೇ ಎನ್ನುತ್ತಿದ್ದ ಮನುಷ್ಯ. ಅವನು ಅದನ್ನು ಬಿಟ್ಟ, ಉಳಿದ ಊಟವನ್ನು ನಾವು ಬಿಡಿಸಿದೆವು.

ಈಗ ಯಾರ ತೋಳಿಗೆ ಟೇಪು ಸುತ್ತಿದರೂ ಸ್ವೆಟರಿನೊಳಗಿಂದ ಅಪ್ಪನ ತೋಳೇ ಹೊರಗೆ ಬರುತ್ತದೆ. ಹೆಂಗಸರ ತೋಳಾದರೂ ಅಷ್ಟೇ. ಲಿವರ್‌ನವರು ಬರುವ ಮಂಗಳವಾರಗಳಲ್ಲಿ ಕೊನೆಯ ರೋಗಿ ಎದ್ದುಹೋದ ಮೇಲೆ ಅವನು ಆ ಕುರ್ಚಿಯಲ್ಲಿ ಕೂತಿರುತ್ತಾನೆ, ನಾಲ್ಕು ಕಿಲೋ ಏರಿದ್ದಕ್ಕೆ ಹೆಮ್ಮೆಪಡುತ್ತಾ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಗುತ್ತಾನೆ, ಅವ್ವ.

ಕೊನೆಯ ಮೂರು ವಾರ ನೀನು ಅಂಜುತ್ತಲೇ ಕೊಟ್ಟೆಯಲ್ಲ ಮೊಟ್ಟೆ, ಆ ಬಲದಿಂದಲೇ ಅವನು ಕತ್ತಾಳೆಯ ಸಾಲಿನವರೆಗೆ ನಡೆದುಹೋಗಿ ತನ್ನ ಗಿಡಗಳನ್ನೆಲ್ಲ ಮುಟ್ಟಿ ಬಂದ. ಅಷ್ಟು ದಿನಗಳಲ್ಲಿ ಅವನಿಗೆ ಸರಿಯಾದದ್ದನ್ನು ಮಾಡಿದವಳು ನೀನೊಬ್ಬಳೇ.

ಇದನ್ನು ಓದಿದ ಕೂಡಲೇ ಪಾದ್ರಿಯ ಹತ್ತಿರ ಹೋಗಿ ಆಣೆ ಬಿಡಿಸಿಕೊ. ಮಾಡದ ತಪ್ಪಿಗೆ ಮಾಡಿದ ಆಣೆಯನ್ನು ಮಾತೆಯೂ ಹಿಡಿದಿಡುವುದಿಲ್ಲ. ಬಂದು ಎರಡು ಮೊಟ್ಟೆ ಒಡೆದು ತಿನ್ನು. ನಿನ್ನನ್ನೂ ಆ ಕುರ್ಚಿಯಲ್ಲಿ ನೋಡುವ ಶಕ್ತಿ ನನಗಿಲ್ಲ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ
ಎಲ್ವಿಯಾ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ, ಮತ್ತೆ ಹರಿದು ತೆಗೆದೆ. ಆ ಹುಡುಗಿ ನಾನೇ ಅವ್ವ. ಹಾಳೆ ಕೈಗಿಟ್ಟಾಗ ಅಪ್ಪ ಅಂದ: "ನೀನು ಕೊಟ್ಟಿದ್ದು ಅಂತ ಮನೇಲಿ ಹೇಳಲ್ಲ ಮಗಳೇ. ನಿನ್ನ ಮಾತು ನಿಮ್ಮವ್ವ ಯಾವತ್ತು ಕೇಳಿದಾಳೆ? ಯಾರೋ ಆಸ್ಪತ್ರೆ ಹುಡುಗಿ ಅಂದ್ರೆ ಚಾಚೂ ತಪ್ಪದೆ ಮಾಡ್ತಾಳೆ." ಇಬ್ಬರೂ ನಕ್ಕಿದ್ದೆವು. ಅವನು ನನ್ನ ಹೆಸರು ಹೇಳಿದ್ದರೆ ನೀನು ಮೂಗು ಮುರಿದು ಮೊದಲ ದಿನವೇ ಅವನಿಗೆ ಮೊಟ್ಟೆ ಹಾಕುತ್ತಿದ್ದೆ. ಈಗ ತಿನ್ನು ಎನ್ನುತ್ತಿರುವವಳೂ ನಾನೇ. ಇದೊಂದು ಸಲ ಮಗಳ ಮಾತು ಕೇಳು.