ಕಂಪನಿಯ ಡಬ್ಬಿಗೆ ಪ್ರದಕ್ಷಿಣೆ

ಪುಣೆ, ೧೨ ನವೆಂಬರ್ ೧೯೨೭, ಶನಿವಾರ

ನಾಚಿಕೆಯಿಂದ ಊಟ ಸೇರಲಿಲ್ಲ. ಬಡವರ ಮನೆಗೆ ಬೆಳಕು ತಂದೆವೆಂದು ಸಾರುವ ನಮ್ಮ ಎಣ್ಣೆ ಕಂಪನಿಯ ಸಾಹೇಬ, ಇಂದು ಗುಮಾಸ್ತನಾದ ನನ್ನ ಮನೆಯನ್ನೇ ನೋಡಲು ಬಂದ. ಅಂಗಳದಲ್ಲಿ ಅವ್ವ, ಕಂಪನಿಯ ಮುದ್ರೆಯಿದ್ದ ಸೀಮೆಎಣ್ಣೆ ಡಬ್ಬಿಗೆ ಪ್ರದಕ್ಷಿಣೆ ಹಾಕುತ್ತಿದ್ದಳು. ಅದರೊಳಗೆ ನಿನ್ನೆ ನೆಟ್ಟ ತುಳಸಿ ಬೆರಳುದ್ದವೂ ಇಲ್ಲ, ಅವನಿಗೆ ಕಾಣಲಿಲ್ಲ. ಪೂಜೆ ಕಂಪನಿಗೇ ಎಂದುಕೊಂಡು ಟೋಪಿ ತೆಗೆದು ಕಣ್ಣೊರೆಸಿಕೊಂಡ.

ಅವ್ವ ನನಗೆ ಹೇಳಿದಳು: "ನಿಮ್ಮ ಸಾಹೇಬಗ ಹೇಳೋ, ಡಬ್ಬಿ ಭಾಳ ಛಲೋ ಅದ. ಆ ನಾತದ ಎಣ್ಣಿ ಮಾತ್ರ ನಮ್ಮ ಮನಿಗೆ ಬ್ಯಾಡ."

"ನಿಮ್ಮನ್ನು ಹರಸುತ್ತಿದ್ದಾಳೆ" ಎಂದು ಸಾಹೇಬನಿಗೆ ಇಂಗ್ಲಿಷಿನಲ್ಲಿ ತಿಳಿಸಿದೆ.

ಹಿಗ್ಗಿಹೋದವನು ಸಂಜೆ ಎಣ್ಣೆ ತುಂಬಿದ ಡಬ್ಬಿ ಇನ್ನೂ ನಾಲ್ಕು ಕಳಿಸಿದ. ಅವ್ವ ಎಣ್ಣೆಯನ್ನೆಲ್ಲ ಓಣಿಗೆ ಹಂಚಿ, ಡಬ್ಬಿಗಳಿಗೆ ಮಣ್ಣು ತುಂಬಿದಳು. ಈಗ ಓಣಿಯೆಲ್ಲ ಝಗಝಗ. ಕಂಪನಿಯವನಾದ ನಾನು ಹರಳೆಣ್ಣೆ ದೀಪದ ಮುಂದೆ ಕೂತು ಬರೆಯುತ್ತಿದ್ದೇನೆ, ಎಣ್ಣೆ ತೀರಿ ಅದೂ ಈಗ ಆರುತ್ತಿ—