ಡಾಕ್ಟರು ಕೇಳಿದ ಹೆಸರು

ಗುಬ್ಬಿ
18-2-1981

ಯಜಮಾನರ ಪಾದಗಳಿಗೆ ವನಜಮ್ಮ ಮಾಡುವ ನಮಸ್ಕಾರ. ಜಮ್ಮುವಿನಲ್ಲಿ ಚಳಿ ಕಡಿಮೆಯಾಯಿತೇ? ಕೆಮ್ಮು ಹೇಗಿದೆ? ಮಿಲಿಟರಿ ಊಟದಲ್ಲಿ ಮುದ್ದೆ ಇಲ್ಲವೆಂದು ಅರೆಹೊಟ್ಟೆಯಲ್ಲಿ ಏಳಬೇಡಿ, ಕೊಟ್ಟದ್ದನ್ನು ಹೊಟ್ಟೆ ತುಂಬ ತಿನ್ನಿ.

ನಿನ್ನ ತಲೆ ಸರಿಹೋಗದಿದ್ದರೆ ಪೆನ್ಷನ್ ತೆಗೆದುಕೊಂಡು ಬಂದುಬಿಡುತ್ತೇನೆ ಎಂದು ಬರೆದಿದ್ದಿರಿ. ಅಷ್ಟು ಆತುರ ಯಾಕೆ? ಮೆದುಳು ಜ್ವರ ಬಿಟ್ಟು ಮೂರು ತಿಂಗಳಾಯಿತು, ಮೈ ಗಟ್ಟಿಯಾಗಿದೆ. ಮರೆವು ಮಾತ್ರ ಹಾಗೇ ಉಳಿದುಕೊಂಡಿದೆ. ಸಾರಿಗೆ ಉಪ್ಪು ಹಾಕಿದ ಕೂಡಲೇ ಗೋಡೆಗೆ ಒಂದು ಸುಣ್ಣದ ಗೀಟು ಎಳೆಯಬೇಕೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದಾರೆ. ಮೊನ್ನೆ ನೋಡುತ್ತೇನೆ, ಗೋಡೆಯ ಮೇಲೆ ಒಂಬತ್ತು ಗೀಟು! ಒಂದನ್ನೂ ಎಳೆದ ನೆನಪಿಲ್ಲ, ಬೆರಳಲ್ಲಿ ಸುಣ್ಣ ಇನ್ನೂ ಹಸಿಯಾಗಿತ್ತು. ಆ ಸಾರನ್ನು ಎಮ್ಮೆಯೂ ಮೂಸಲಿಲ್ಲ. ನನಗೆ ನಗುವೂ ಬಂತು, ಭಯವೂ ಆಯಿತು.

ಸೋಮವಾರ ಅತ್ತೆಯ ಜೊತೆ ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಕೊಡೆ, ಬೀಗ, ಬಾಳೆಹಣ್ಣು ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಮೂರನ್ನೂ ಒಪ್ಪಿಸಿದೆ. ನೂರರಿಂದ ಏಳೇಳು ಕಳೆಯುತ್ತಾ ಎಪ್ಪತ್ತೊಂಬತ್ತರ ತನಕ ಬಂದೆ. ಕಡೆಗೆ ಗಂಡನ ಹೆಸರು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಚೀಟಿಯಲ್ಲಿ ಸೊನ್ನೆ ಹಾಕಿದ್ದೇ ತಡ, ಅತ್ತೆ ಎದ್ದು ನಿಂತರು. "ಗಂಡನ ಹೆಸರು ಬಾಯ್ಬಿಟ್ಟು ಹೇಳೋ ಹೆಣ್ಣಲ್ಲ ಬುಡಿ ಸ್ವಾಮಿ ನನ್ನ ಸೊಸೆ. ಬ್ಯಾರೆ ಏನಾದ್ರೂ ಕೇಳಿ." ಡಾಕ್ಟರು ನಕ್ಕು ಸೊನ್ನೆ ಹೊಡೆದುಹಾಕಿದರು, ವಾಸಿಯಾಗಿದೆ ಎಂದು ಬರೆದು ಮಾತ್ರೆಯನ್ನೂ ನಿಲ್ಲಿಸಿದರು. ಅತ್ತೆ ಈ ಸಂಗತಿಯನ್ನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನೀವು ಯುಗಾದಿಗೆ ಬಂದರೆ ಸಾಕಂತೆ.

ಅತ್ತೆಯ ಆಶೀರ್ವಾದ ನಿಮ್ಮ ಮೇಲಿದೆ. ರಾತ್ರಿ ಪಹರೆಗೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ.

ನಿಮ್ಮ
ವನಜಮ್ಮ

ತಾ.ಕ.: ಅತ್ತೆ ಹಿತ್ತಲಿಗೆ ಹೋಗಿದ್ದಾರೆ, ಅವರು ಬರುವುದರೊಳಗೆ ಬರೆಯುತ್ತೇನೆ. ಅವತ್ತು ನಾನು ನಾಚಿಕೊಂಡು ಸುಮ್ಮನಿದ್ದದ್ದಲ್ಲ. ನನಗೆ ಹೆಸರೇ ಗೊತ್ತಿರಲಿಲ್ಲ. ಮನೆಗೆ ಬಂದು ಮದುವೆಯ ಫೋಟೋ ಇಳಿಸಿ ನೋಡಿದೆ. ನನ್ನ ಗುರುತು ಸಿಕ್ಕಿತು, ಪಕ್ಕದಲ್ಲಿ ನಿಂತವರನ್ನು ಎಂದೂ ಕಂಡ ಹಾಗಿಲ್ಲ. ಈ ಕವರಿನ ಮೇಲಿನ ವಿಳಾಸವನ್ನು ನಿಮ್ಮ ಹಳೇ ಕಾಗದ ನೋಡಿ ಒಂದೊಂದೇ ಅಕ್ಷರ ಇಳಿಸಿದ್ದೇನೆ. ಓದಿದರೆ ಯಾರದೋ ಹೆಸರು. ಯುಗಾದಿಯ ತನಕ ಕಾಯಬೇಡಿ, ಬಂದುಬಿಡಿ. ಬಾಗಿಲಲ್ಲಿ ಯಾರು ನಿಂತು ನಾನು ನಿನ್ನ ಗಂಡ ಎಂದರೂ ನಂಬಿಬಿಡುತ್ತೇನೆ. ಅದಕ್ಕೇ, ಅತ್ತೆಯ ಕೈ ಹಿಡಿದುಕೊಂಡೇ ಒಳಗೆ ಬನ್ನಿ.